‘ಅವನಪ್ಪಂದೇ ರಕ್ತ ಮೇಡಂ’

ಕಾರವಾರ ಕಡೆಯ ಮೀನುಗಾರ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕೇಸಿಗೆ ಸಿಕ್ಕ ಮಕ್ಕಳ ಹೆಸರು ಹೊರಗೆ ಬರಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

ಹುಡುಗನಿಗೆ 15 ವರ್ಷ. ಮೇ ರಜೆಯಲ್ಲಿ ವಾಲಿಬಾಲ್ ಪಂದ್ಯ ಮುಗಿದ ಮೇಲೆ ಎದುರು ತಂಡದವನ ತಲೆಗೆ ಕೋಲಿನಿಂದ ಹೊಡೆದಿದ್ದ. ಏಳು ಹೊಲಿಗೆ. ಪುಣ್ಯಕ್ಕೆ ಪೆಟ್ಟು ತಿಂದವನು ಚೇತರಿಸಿಕೊಂಡ. ಕೇಸು, 18 ತುಂಬದವರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಹೋಯಿತು. ತಾಯಿ ಮಗ ಇಬ್ಬರೂ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು.

ತಾಯಿ ಮೀನು ಮಾರುವವರು. ಮೊದಲ ದಿನವೇ ಮಗನ ಎದುರಿಗೇ ಹೇಳಿದರು: “ಅವನಪ್ಪಂದೇ ರಕ್ತ ಮೇಡಂ. ಎಲ್ಲಿಗೆ ಹೋಗ್ತದೆ?” ಅಪ್ಪ ಕುಡಿದು ಬಂದು ಇಬ್ಬರಿಗೂ ಹೊಡೆಯುತ್ತಿದ್ದ. ಮೂರು ವರ್ಷದ ಹಿಂದೆ ಗೋವಾದ ಬೋಟಿಗೆ ಹೋದವನು ತಿರುಗಿ ಬಂದಿಲ್ಲ. ಹುಡುಗ ನೆಲ ನೋಡುತ್ತಾ ಕೂತಿದ್ದ. ಈ ಮಾತನ್ನು ಅವನು ಎಷ್ಟು ಸಲ ಕೇಳಿರಬಹುದು!

ಅವನನ್ನು ಹೊರಗೆ ಕೂರಿಸಿ ತಾಯಿಗೆ ಹೇಳಿದೆ. 1989ರಲ್ಲಿ ಅಮೆರಿಕದ ಕ್ಯಾಥಿ ವಿಡಮ್ ಅನ್ನುವ ಸಂಶೋಧಕಿ, ಚಿಕ್ಕಂದಿನಲ್ಲಿ ಹೊಡೆತ ತಿಂದ, ಯಾರೂ ನೋಡಿಕೊಳ್ಳದ ಮಕ್ಕಳು ದೊಡ್ಡವರಾಗಿ ಏನಾದರು ಅಂತ ದಾಖಲೆ ಹುಡುಕಿದರು. ಅಪಾಯ ಜಾಸ್ತಿ ಇತ್ತು, ನಿಜ. ಆದರೆ ಅವರಲ್ಲಿ ಬಹುಪಾಲು ಮಂದಿ ಹಿಂಸೆಯ ದಾರಿ ಹಿಡಿದಿರಲಿಲ್ಲ. “ಅಕ್ಕ, ಆ ಮಾತು ಇನ್ನು ಮನೆಯಲ್ಲಿ ಬೇಡ. ಸಿಟ್ಟು ಬಂದಾಗಲೂ ಬೇಡ” ಅಂದೆ.

“ಸಣ್ಣವನಿದ್ದಾಗ ಹೊಡೆದಾಟ ಇತ್ತಾ?” ಅಂತಲೂ ಕೇಳಿದೆ. ಇರಲಿಲ್ಲವಂತೆ. ಅಜ್ಜಿಯ ಸೆರಗು ಹಿಡಿದು ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದ ಮೆತ್ತಗಿನ ಮಗು. ಗಲಾಟೆ ಶುರುವಾಗಿದ್ದು ಎಂಟನೇ ಕ್ಲಾಸಿನಿಂದ. ಇದು ಮುಖ್ಯ. ನಾಲ್ಕೈದು ವರ್ಷಕ್ಕೇ ಶುರುವಾಗಿ ಮುಂದುವರಿಯುವ ಪುಂಡಾಟ ಬೇರೆ, ಹರೆಯದಲ್ಲಿ ಬಂದು ಹೋಗುವುದು ಬೇರೆ ಅಂತ ಮನಶ್ಶಾಸ್ತ್ರಜ್ಞೆ ಟೆರ್ರಿ ಮೊಫಿಟ್ 1993ರಲ್ಲಿ ವಿವರಿಸಿದ್ದರು. ಎರಡನೆಯ ಗುಂಪಿನವರೇ ಜಾಸ್ತಿ.

ಆಮೇಲೆ ಹುಡುಗನ ಜೊತೆ ಒಬ್ಬಳೇ ಕೂತೆ.

“ಅವನು ನಕ್ಕ ಮೇಡಂ.”

“ಯಾಕೆ ನಕ್ಕ?”

“ನಮ್ಮಪ್ಪನ ವಿಷಯಕ್ಕೇ.”

“ಹಾಗಂತ ಹೇಳಿದ್ದು ಕೇಳಿಸ್ತಾ?”

ಬಹಳ ಹೊತ್ತು ಸುಮ್ಮನಿದ್ದ. “ಇಲ್ಲ.”

“ಕೋಲು ಎಲ್ಲಿಂದ ಬಂತು?”

“ಯಾರೋ ಕೈಗೆ ಕೊಟ್ಟರು.”

ಹೊಡೆಯುವಾಗ ಸುತ್ತ ಆರು ಮಂದಿ ಗೆಳೆಯರಿದ್ದರು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ನನಗೆ ಇಡೀ ಪ್ರಕರಣ ಇಲ್ಲಿಯೇ ಕಂಡಿತು. ಮನೆಯಲ್ಲಿ ಹೊಡೆತ ತಿಂದ ಮಕ್ಕಳಿಗೆ ಬರೀ ನಗುವೂ ಅವಮಾನದ ಹಾಗೆ ಕಾಣುವುದುಂಟು. ಕೆನೆತ್ ಡಾಡ್ಜ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಜೊತೆಗೆ ನೋಡುವ ಕಣ್ಣುಗಳು ಬೇರೆ. 2005ರ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞರಾದ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ವಿಡಿಯೋ ಗೇಮ್ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಜಾಸ್ತಿ ಅಪಾಯಕ್ಕೆ ಇಳಿದರು. ದೊಡ್ಡವರ ಆಟ ಅಷ್ಟು ಬದಲಾಗಲಿಲ್ಲ. ಅದು ಹೊಡೆದಾಟದ ಪ್ರಯೋಗ ಅಲ್ಲ, ಆದರೂ ಆ ಮೈದಾನ ನನ್ನ ಕಣ್ಣ ಮುಂದೆ ಬಂತು.

ಎರಡನೇ ಸಲ ಹುಡುಗನ ಮಾವ ಬಂದರು. ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಗಟ್ಟಿ ದನಿ. “ಒಂದ್ಸಲ ಜೈಲು ತೋರಿಸ್ತೇನೆ. ಹೆದರಿದರೆ ಸರಿಯಾಗ್ತಾನೆ. ಇಲ್ಲಾಂದ್ರೆ ಶಾಲೆ ಬಿಡಿಸಿ ಬೋಟಿಗೆ ಹಾಕ್ತೇನೆ.” ಬೇಡವೇ ಬೇಡ ಅಂದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ ಬಹಳ ಹೆಸರು ಮಾಡಿತ್ತು. ಮುಂದೆ ಪರೀಕ್ಷಿಸಿ ನೋಡಿದರೆ, ಹೋಗಿ ಬಂದ ಮಕ್ಕಳೇ ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. ಶಾಲೆಯಂತೂ ಅವನನ್ನು ಹಿಡಿದಿಟ್ಟುಕೊಂಡಿರುವ ಹಗ್ಗ, ಅದನ್ನು ಬಿಡಿಸಬಾರದು.

ಮಾವನ ಮಾತು ಹುಡುಗ ಕೇಳುತ್ತಾನೆ, ಅದೇ ನಮಗಿದ್ದ ದೊಡ್ಡ ಆಸರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. “ಆ ಎರಡು ತಿಂಗಳು ಸಂಜೆ ಬಲೆ ರಿಪೇರಿಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬುದ್ಧಿ ಹೇಳಬೇಡಿ, ಕೆಲಸ ಕಲಿಸಿ” ಅಂದೆ.

ಹುಡುಗನಿಗೆ ಎರಡು ಅಭ್ಯಾಸ ಕೊಟ್ಟೆ. ಯಾರಾದರೂ ನಕ್ಕರೆ, ಅದಕ್ಕೆ ಅಪ್ಪನ ವಿಷಯ ಬಿಟ್ಟು ಬೇರೆ ಮೂರು ಕಾರಣ ಹುಡುಕಬೇಕು. ಗೆಳೆಯರ ಎದುರು ಹಿಂದೆ ಸರಿಯಲು ಒಂದು ಮಾತು ಬಾಯಲ್ಲಿ ಸಿದ್ಧ ಇರಬೇಕು. ಅವನೇ ಆರಿಸಿಕೊಂಡ: “ನಡೀರೋ, ಆಯಿ ಕಾಯ್ತಾಳೆ.” ಆಯಿ ಅಂದರೆ ಅಮ್ಮ. ವಾಲಿಬಾಲ್ ಬಿಡಿಸಲಿಲ್ಲ. ಪಿ.ಟಿ. ಸರ್ ಇದ್ದಾಗ ಮಾತ್ರ ಆಡು ಅಂದೆ.

ಪೆಟ್ಟು ತಿಂದವನ ಮನೆಗೆ ಹೋಗಿ ಕ್ಷಮೆ ಕೇಳುತ್ತೇವೆ ಅಂತ ತಾಯಿ ಹೊರಟಿದ್ದರು. ಕೇಸು ನಡೆಯುವಾಗ ವಕೀಲರನ್ನೂ, ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪ್ರೊಬೇಷನ್ ಅಧಿಕಾರಿಯನ್ನೂ ಕೇಳದೆ ಹೋಗಬೇಡಿ ಅಂದೆ. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಅಲ್ಲಿ ತೀರ್ಮಾನವಾದ ಕೇಸು ಮುಂದೆ ಮಗನ ಕೆಲಸಕ್ಕೆ ಅಡ್ಡಿ ಆಗಬಾರದು ಅಂತ ಕಾನೂನಿದೆ ಅಂದಾಗ ಅವರು ಮೊದಲ ಸಲ ಉಸಿರು ಬಿಟ್ಟರು.

ಎಲ್ಲಾ ಸಲೀಸಾಗಲಿಲ್ಲ. ಜುಲೈಯಲ್ಲಿ ಬಾಗಿಲಿಗೆ ಗುದ್ದಿ ಕೈ ಊದಿಸಿಕೊಂಡ. ತಾಯಿಯ ಬಾಯಿಗೆ ಆ ಹಳೇ ಮಾತು ಬಂತಂತೆ, ನುಂಗಿಕೊಂಡು ಐಸ್ ತಂದಿಟ್ಟರಂತೆ.

ಆಗಸ್ಟಿನಲ್ಲಿ ಬಂದವನು ತಾನಾಗಿಯೇ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಇವನ ಕಡೆ ನೋಡಿ ನಕ್ಕರಂತೆ. “ಎರಡು ಕಾರಣ ಸಿಕ್ಕಿತು ಮೇಡಂ. ಮೂರನೇದು ಹುಡುಕ್ತಾ ಇದ್ದೆ, ಅಷ್ಟರಲ್ಲಿ ಬಸ್ಸು ಬಂತು.”