ಓದುಗರ ಪ್ರಶ್ನೆ: ಬೀದಿಯ ಚಿತ್ರ ಮತ್ತು ನೆಲದ ಗುರುತು

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ನಗರದ ಬೀದಿಗಳ ಚಿತ್ರ ಬರೆಯುತ್ತೇನೆ. ಕಟ್ಟಡಗಳ ಅಳತೆ, ಕಿಟಕಿಗಳ ಎಣಿಕೆ ಎಲ್ಲವೂ ಸರಿಯಿದ್ದರೂ ನೋಡಿದವರು ‘ಇದು ಯಾವ ಊರಿನ ಬೀದಿಯಾದರೂ ಆಗಬಹುದು’ ಎನ್ನುತ್ತಾರೆ. ನಾನು ಬಿಟ್ಟಿರುವುದೇನು?

ಉತ್ತರ: ಬೀದಿಯ ಚಿತ್ರವೆಂದರೆ ಎರಡು ಸಾಲು ಕಟ್ಟಡಗಳ ಚಿತ್ರವೆಂದುಕೊಂಡು, ನಡುವೆ ಉಳಿಯುವ ನೆಲಕ್ಕೆ ಒಂದೇ ಬೂದುಬಣ್ಣ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ನಿಮ್ಮ ತೊಡಕೂ ಅಲ್ಲಿಯೇ ಇರಬಹುದೆಂದು ನನ್ನ ಊಹೆ. ಬೀದಿಯಲ್ಲಿ ನಡೆಯುವವರು ಮೂರನೆಯ ಅಂತಸ್ತಿನ ಕಿಟಕಿಯನ್ನು ಯಾವಾಗಲೋ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಕಾಲಡಿಯ ಕಲ್ಲನ್ನೂ ಪಾದಚಾರಿ ಹಾದಿಯ ಅಂಚನ್ನೂ ಗಮನಿಸದೆ ಒಂದು ಹೆಜ್ಜೆಯನ್ನೂ ಇಡಲಾರರು.

ಗುಸ್ತಾವ್ ಕಾಯ್‌ಬೊಟ್ 1877ರಲ್ಲಿ ಬರೆದ, ಮಳೆಯ ದಿನದ ಪ್ಯಾರಿಸ್ ಬೀದಿಯ ಚಿತ್ರವನ್ನು ಬಿಡುವು ಮಾಡಿಕೊಂಡು ನೋಡಿ. ಸುಮಾರು 7 ಅಡಿ ಎತ್ತರ, 9 ಅಡಿ ಅಗಲದ ಈ ಚಿತ್ರ ಈಗ ಷಿಕಾಗೊ ನಗರದ ಕಲಾಸಂಗ್ರಹಾಲಯದಲ್ಲಿದೆ. ಅದರಲ್ಲಿ ಸುರಿಯುವ ಮಳೆಯ ಗೆರೆಗಳನ್ನು ಹುಡುಕಬೇಡಿ. ಬಿಚ್ಚಿದ ಕೊಡೆಗಳೂ ನೆಲಕ್ಕೆ ಹಾಸಿದ ಕಲ್ಲುಗಳ ಸಂದಿನಲ್ಲಿ ಮಿನುಗುವ ತೇವವೂ ಮಳೆಯನ್ನು ಹೇಳುತ್ತವೆ. ಬಲ ಅಂಚಿನಲ್ಲಿ ಅರ್ಧ ಕತ್ತರಿಸಿಹೋದಂತಿರುವ ಗಂಡಸಿನ ಕೊಡೆಯು ಎದುರು ಬರುತ್ತಿರುವ ದಂಪತಿಗಳ ಕೊಡೆಗೆ ಇನ್ನೇನು ತಾಗಲಿದೆ, ಯಾರಾದರೊಬ್ಬರು ಅದನ್ನು ಓರೆ ಮಾಡಲೇಬೇಕು. ಆ ಇಕ್ಕಟ್ಟಿನಿಂದ ಪಾದಚಾರಿ ಹಾದಿಯ ಅಗಲ ನಮಗೆ ಮೈಯಲ್ಲೇ ತಿಳಿಯುತ್ತದೆ. ಹಿಂದಿನ ಕಟ್ಟಡಗಳಾದರೋ ಒಂದರಂತೆ ಇನ್ನೊಂದು. 1850ರ ದಶಕದಿಂದ ಹಳೆಯ ಓಣಿಗಳನ್ನು ಕೆಡವಿ ಹೊಸ ಅಗಲ ಬೀದಿಗಳನ್ನು ತೆರೆದ ಪ್ಯಾರಿಸ್‌ಗೆ ಆ ಏಕರೂಪವೇ ಗುರುತಾಗಿತ್ತು. ಹೀಗಾಗಿ ಹೆಸರಾಂತ ಗೋಪುರವೊಂದನ್ನು ತಂದು ನಿಲ್ಲಿಸಿದರೆ ಊರು ತಾನಾಗಿ ಕಾಣುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಅಂಚೆಕಾರ್ಡಿನ ಉಪಾಯ.

ಎಲ್ಲಿ ನಿಂತು ಬರೆಯುತ್ತೀರಿ ಎನ್ನುವುದೂ ಮುಖ್ಯ. ಕಣ್ಣಿನ ಬೇನೆಯಿಂದಾಗಿ ಬಯಲಿನಲ್ಲಿ ಕೂತು ಬರೆಯುವುದು ಕಷ್ಟವಾದಾಗ ಕಮೀಲ್ ಪಿಸ್ಸಾರೋ 1897ರಲ್ಲಿ ಹೋಟೆಲೊಂದರ ಕೋಣೆ ಹಿಡಿದು, ಕಿಟಕಿಯಿಂದ ಕಾಣುವ ಪ್ಯಾರಿಸ್ಸಿನ ಅಗಲ ಬೀದಿ ಮೊಂಮಾರ್ತ್ರ್ ಬುಲೆವಾರನ್ನು ಒಂದರ ಮೇಲೊಂದರಂತೆ ಹಲವು ಚಿತ್ರಗಳಲ್ಲಿ ಬರೆದರು. ಆ ಎತ್ತರದಿಂದ ಜನರೂ ಗಾಡಿಗಳೂ ಬರಿಯ ಚುಕ್ಕೆಗಳು. ಆದರೂ ಮಂಜಿನ ಬೆಳಗು, ಹಬ್ಬದ ಮೆರವಣಿಗೆ, ದೀಪ ಹೊತ್ತಿದ ರಾತ್ರಿ ಎಂದು ಒಂದೇ ಬೀದಿ ಬೇರೆಬೇರೆಯಾಗಿ ಕಾಣುತ್ತದೆ.

ಪ್ರಶ್ನೆ: ಇದ್ದದ್ದನ್ನು ಇದ್ದಂತೆ ಬರೆಯದೆ ಬದಲಿಸಿದರೆ ಅದು ಆ ಬೀದಿಯ ಚಿತ್ರವಾಗಿ ಉಳಿಯುವುದೇ?

ಉತ್ತರ: ಏನನ್ನು ಬದಲಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಎಡ್ವರ್ಡ್ ಹಾಪರ್ 1930ರಲ್ಲಿ ನ್ಯೂಯಾರ್ಕ್ ನಗರದ ಏಳನೆಯ ಅವೆನ್ಯೂವಿನ ಅಂಗಡಿಸಾಲನ್ನು ಬರೆದಾಗ, ಗಾಜಿನ ಮೇಲಿನ ಅಂಗಡಿಹೆಸರುಗಳನ್ನು ಓದಲಾಗದಂತೆ ಮಸುಕಾಗಿಸಿದರು. ಮೇಲಿನ ಕಿಟಕಿಯಲ್ಲಿ ಮೊದಲು ಬರೆದಿದ್ದ ಆಕೃತಿಯ ಮೇಲೆ ಬಣ್ಣ ಬಳಿದು ಅಳಿಸಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ರಸ್ತೆ ಉತ್ತರ–ದಕ್ಷಿಣವಾಗಿ ಸಾಗುವುದರಿಂದ ಚಿತ್ರದಲ್ಲಿರುವಂತೆ ನೆರಳುಗಳು ಪಾದಚಾರಿ ಹಾದಿಯುದ್ದಕ್ಕೂ ಬೆಳಗಿನಲ್ಲಿ ಅಷ್ಟು ನೀಳವಾಗಿ ಚಾಚಲಾರವು. ಆದರೆ ಮೇಲಂತಸ್ತಿನ ಕಿಟಕಿಗಳ ಪರದೆಗಳನ್ನು ಒಂದೊಂದನ್ನೂ ಬೇರೆಬೇರೆ ಎತ್ತರಕ್ಕೆ ಎಳೆದು ಬರೆದಿದ್ದಾರೆ. ಒಳಗೆ ಬೇರೆಬೇರೆ ಸಂಸಾರಗಳು ಇನ್ನೂ ಮಲಗಿವೆ ಎಂದು ನಾವು ನಂಬಲು ಅಷ್ಟು ಸಾಕು.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಬರೆಯಬಹುದೇ?

ಉತ್ತರ: ಬರೆಯಬಹುದು, ಎಚ್ಚರವಿರಲಿ. ಮೊಬೈಲಿನ ಮಸೂರ ಅಗಲ ನೋಟದ್ದಾದ್ದರಿಂದ ಹತ್ತಿರದ ನೆಲ ಹಿಗ್ಗಿ, ದೂರದ ಕಟ್ಟಡಗಳು ಕುಗ್ಗುತ್ತವೆ; ಇಕ್ಕಟ್ಟಾದ ಓಣಿಯೂ ವಿಶಾಲವಾದ ರಸ್ತೆಯಂತೆ ತೋರುತ್ತದೆ. ಸ್ಥಳದಲ್ಲೇ ನಿಂತು, ತೋಳು ನೀಳವಾಗಿ ಚಾಚಿ ಹಿಡಿದ ಪೆನ್ಸಿಲಿನಿಂದ ಬೀದಿಯ ಅಗಲಕ್ಕೂ ಕಟ್ಟಡದ ಎತ್ತರಕ್ಕೂ ಇರುವ ಪ್ರಮಾಣವನ್ನು ಅಳೆದು ಗುರುತು ಹಾಕಿಕೊಳ್ಳಿ. ಫೋಟೊವನ್ನು ಮನೆಗೆ ಬಂದ ಮೇಲೆ ಕಿಟಕಿಗಳ ವಿವರಕ್ಕಷ್ಟೇ ತೆರೆಯಿರಿ.