ಇಂಗ್ಲೆಂಡಿನ ಹಿತ್ತಲಲ್ಲಿ ಫೆಬ್ರವರಿಯಲ್ಲೇ ಮೊಳಕೆಗಳು ಕಾಣುತ್ತಿವೆ. ಚಳಿಗೆ ಸಾಯದಂತೆ ಮುಚ್ಚಬೇಕೇ? ವಸಂತವನ್ನು ನೋಡಲು ಎಲ್ಲಿಗೆ ಹೋಗಬೇಕು?

ಮುಚ್ಚಬೇಡಿ. ಮೈಸೂರು ಬಿಟ್ಟು ಕೆಂಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಬಾಡಿಗೆ ಮನೆಯ ಹಿತ್ತಲಿನಲ್ಲಿ ನಾನು ಕಂಡದ್ದೂ ಇದನ್ನೇ: ಹಿಂದಿದ್ದವರು ಯಾರೋ ನೆಟ್ಟುಹೋದ ಗೆಡ್ಡೆಗಳು, ಹೆಪ್ಪುಗಟ್ಟಿದ ನೆಲವನ್ನು ಸೀಳಿಕೊಂಡು ಬಂದ ಹಸಿರು ಮೊನೆಗಳು. ಮೊದಲು ಅರಳಿದವು ಪುಟ್ಟ ಬಿಳಿ ಹೂಗಳಾದ ಸ್ನೋಡ್ರಾಪ್‌ಗಳು. ತಾಪಮಾನ ಸೊನ್ನೆಗಿಂತ ಕೆಳಗಿಳಿದಿದ್ದ ಒಂದು ಬೆಳಗ್ಗೆ ಅವೆಲ್ಲ ನೆಲಕ್ಕೊರಗಿದ್ದನ್ನು ಕಂಡು ಅವುಗಳ ಕಥೆ ಮುಗಿಯಿತೆಂದುಕೊಂಡೆ. ಬಿಸಿಲೇರುವಷ್ಟರಲ್ಲಿ ಒಂದೊಂದಾಗಿ ನೆಟ್ಟಗಾಗಿದ್ದವು. ವಸಂತದ ಹೂಗಿಡಗಳಾದ ಡ್ಯಾಫೊಡಿಲ್, ಕ್ರೋಕಸ್‌ಗಳ ಗೆಡ್ಡೆಗಳಂತೂ ಕೆಲವು ವಾರ ತಣ್ಣನೆಯ ಮಣ್ಣಿನಲ್ಲಿ ಇರದಿದ್ದರೆ ಸರಿಯಾಗಿ ಹೂ ಬಿಡುವುದೇ ಇಲ್ಲ. ಮುಚ್ಚುವ ಕಾಳಜಿಯನ್ನು ಕರಿಬೇವಿನ ಕುಂಡಕ್ಕೆ ಮೀಸಲಿಡಿ. ಅದು ಮೇ ಕೊನೆಯವರೆಗೂ ಮನೆಯೊಳಗೇ ಇರಲಿ.

ನನ್ನ ಹಿತ್ತಲಿಗೆ ಕೇಡು ತಂದದ್ದು ನನ್ನ ಅಚ್ಚುಕಟ್ಟುತನ. ಏಪ್ರಿಲ್‌ನಲ್ಲಿ ಡ್ಯಾಫೊಡಿಲ್ ಹೂಗಳು ಬಾಡಿದ ಮೇಲೆ ಉದ್ದನೆಯ ಎಲೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ದಿನವೂ ಅಂಗಳ ಗುಡಿಸಿ ಸಾರಿಸುವ ಮನೆಯಲ್ಲಿ ಬೆಳೆದ ನನಗೆ ಅದನ್ನು ನೋಡಲಾಗದೆ, ಹುಲ್ಲು ಕತ್ತರಿಸುವ ಯಂತ್ರವನ್ನು ಅವುಗಳ ಮೇಲೂ ಓಡಿಸಿಬಿಟ್ಟೆ. ಮರುವರ್ಷದ ಮಾರ್ಚ್‌ನಲ್ಲಿ ಬಡಕಲು ಎಲೆಗಳು ಬಂದವು, ಹೂವು ಬರಲಿಲ್ಲ. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವೂ ಇದನ್ನೇ ಮಾಡುವ ಸಂಭವ ಹೆಚ್ಚು. ಹೂ ಬಾಡಿದ ಮೇಲೂ ಎಲೆ ಬಿಸಿಲು ಕುಡಿದು ಗೆಡ್ಡೆಗೆ ಆಹಾರ ಕಳುಹಿಸುತ್ತಿರುತ್ತದೆ. ಆ ಸಂಗ್ರಹದ ಬಲದಿಂದಲೇ ಮುಂದಿನ ವರ್ಷದ ಮೊಗ್ಗು ಮಣ್ಣಿನೊಳಗೆ ರೂಪುಗೊಳ್ಳುತ್ತದೆ. ಎಲೆಯನ್ನು ಹಸಿರಿರುವಾಗಲೇ ಕತ್ತರಿಸಿದರೆ ಗೆಡ್ಡೆ ಉಪವಾಸ ಬೀಳುತ್ತದೆ. ಕೆಲವರು ಎಲೆಗಳನ್ನು ಮಡಚಿ ಗಂಟು ಹಾಕುತ್ತಾರೆ, ಅದೂ ತಪ್ಪೇ. ಮಡಿಕೆಯೊಳಗೆ ಬೆಳಕು ಬೀಳುವುದಿಲ್ಲ. ಹೂ ಬಾಡಿದ ಮೇಲೆ ಕನಿಷ್ಠ 6 ವಾರ ಮುಟ್ಟದಿರುವುದೇ ಸರಿಯಾದ ಕ್ರಮ.

ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕ್ರೋಕಸ್ ಹಾಸು ಸೊಗಸಾಗಿರುತ್ತದೆ, ಹೋಗಿ ಬನ್ನಿ. ಆದರೆ ಅಲ್ಲಿ ಸಿಗುವುದು ಒಂದು ದಿನದ ನೋಟ. ನಾರ್ಫೋಕ್‌ನ ಜಮೀನ್ದಾರ ರಾಬರ್ಟ್ ಮಾರ್ಶಮ್ 1736ರಿಂದ ಮೊದಲ ಸ್ನೋಡ್ರಾಪ್, ಥ್ರಶ್ ಹಕ್ಕಿಯ ಹಾಡು, ಕಪ್ಪೆಯ ವಟಗುಟ್ಟುವಿಕೆಗಳನ್ನು ದಿನಾಂಕಸಹಿತ ಬರೆದಿಟ್ಟದ್ದು ತನ್ನ ಜಮೀನಿನಲ್ಲಿಯೇ. ಆತನ ವಂಶದವರು 1958ರವರೆಗೆ ಅದನ್ನು ಮುಂದುವರಿಸಿದರು. ನಿಮ್ಮ ಬೀದಿಯ ಬೇಲಿಯಲ್ಲಿ ಹೇಝಲ್ ಎಂಬ ಪೊದೆಗಿಡವಿದ್ದರೆ ಜೋತುಬಿದ್ದಿರುವ ಹಳದಿ ಗೊಂಚಲನ್ನು ಬೆರಳಿನಿಂದ ತಟ್ಟಿ, ಪರಾಗ ಹೊಗೆಯಾಗಿ ಹಾರುತ್ತದೆ. ಅವು ಗಂಡು ಹೂಗಳು. ಅದೇ ರೆಂಬೆಯಲ್ಲಿ ಹುಡುಕಿದರೆ ಮೊಗ್ಗಿನಂಥ ಹೆಣ್ಣು ಹೂವೂ ಸಿಗುತ್ತದೆ. ಅದರ ತುದಿಯಲ್ಲಿ ಕುಂಕುಮಗೆಂಪಿನ ಕೆಲವು ಎಳೆಗಳಷ್ಟೇ ಇರುತ್ತವೆ, ಕನ್ನಡಕ ಹಾಕಿಕೊಂಡೇ ನೋಡಬೇಕು. ಸಂಜೆ ಹಾಡುಹಕ್ಕಿ ಬ್ಲ್ಯಾಕ್‌ಬರ್ಡ್ ಮಾಡಿನ ಮೇಲೆ ಕುಳಿತು ಹಾಡತೊಡಗುವುದೂ ಈಗಲೇ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ಅಂತರವಷ್ಟೇ. ಇಲ್ಲಿ ಡಿಸೆಂಬರ್ ಕೊನೆಯಲ್ಲಿ 8 ಗಂಟೆ ತುಂಬದ ಹಗಲು ಫೆಬ್ರವರಿ ಮುಗಿಯುವ ಹೊತ್ತಿಗೆ ಸುಮಾರು 11 ಗಂಟೆಯಾಗಿರುತ್ತದೆ. ಚಳಿ ಇದ್ದರೂ ಬೆಳಕು ಆಗಲೇ ಬಂದಿರುತ್ತದೆ. ಆದ್ದರಿಂದ ಬೆಚ್ಚಗಿನ ದಿನ ಬರಲೆಂದು ಕಾಯದೆ, ಕೋಟು ಹಾಕಿಕೊಂಡು ಈ ವಾರವೇ ಹೊರಡಿ.

ಹುಲ್ಲು ಕತ್ತರಿಸಲು ಮನೆಯ ಮಾಲೀಕರು ಆಳನ್ನು ಕಳುಹಿಸುವುದಿದ್ದರೆ, ಗೆಡ್ಡೆಗಳಿರುವ ಜಾಗದ ಸುತ್ತ ಈಗಲೇ ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿ, ಜೂನ್‌ವರೆಗೆ ಬಿಚ್ಚಬೇಡಿ.