ಎಡತೋಳು ಒದ್ದೆಯಾದರೆ ಮೊದಲು ಮಣಿಕಟ್ಟಿನ ಸೀಲ್ ಕತ್ತರಿಸಬೇಡಿ

ಹೊಸದುರ್ಗದ ಅಣ್ಣನವರಿಗೆ ನಮಸ್ಕಾರ. ಸ್ಕಾಟ್ಲೆಂಡಿನ ಮೀನು ಸಾಕಣೆಯಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮ ಸೋದರಳಿಯ ಊರಿಗೆ ಬರುವಾಗ ಹಳೆಯ ಡ್ರೈಸೂಟ್ (ಡೈವರ್‌ಗಳು ತೊಡುವ, ಒಳಗೆ ನೀರಿನ ಬದಲು ಗಾಳಿಯಿರುವ ಮೈಮುಚ್ಚುವ ಉಡುಪು) ತಂದುಕೊಟ್ಟಿದ್ದಾನೆ, ಕುತ್ತಿಗೆಯ ಸೀಲ್, ಅಂದರೆ ನೀರು ನುಗ್ಗದಂತೆ ಕತ್ತಿಗೂ ಮಣಿಕಟ್ಟಿಗೂ ಬಿಗಿಯಾಗಿ ಕೂರುವ ರಬ್ಬರ್, ಅಂಟಂಟಾಗಿ ಹರಿದಿದೆ, ಎಡಗೈ ಒದ್ದೆಯಾಗುತ್ತದೆ, ಸೈಕಲ್ ಪಂಕ್ಚರ್ ಸಲ್ಯೂಷನ್ ಹಚ್ಚಿದರೆ ಸಾಕೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಊರಿಗೆ ಮರಳಿ ದಾವಣಗೆರೆಯಲ್ಲಿ ನೆಲೆಸುವ ಮೊದಲು ಒಂಬತ್ತು ವರ್ಷ ಡೈವರ್‌ಗಳ ಸಾಮಾನು ತೊಳೆದು ರಿಪೇರಿ ಮಾಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಚಿತ್ರ ನೋಡಿದರೆ ನಿಮ್ಮದು ಮೂರು ಪದರದ ಬಟ್ಟೆಯ ಸೂಟ್: ಎರಡು ಬಟ್ಟೆಗಳ ನಡುವೆ ತೆಳುವಾದ ಬ್ಯುಟೈಲ್ ರಬ್ಬರ್. ಸೈಕಲ್ ಸಲ್ಯೂಷನ್ ರಬ್ಬರನ್ನು ರಬ್ಬರಿಗೆ ಹಿಡಿಸಲು ಮಾಡಿದ್ದು, ಈ ಬಟ್ಟೆಯ ಮೇಲೆ ನಿಲ್ಲುವುದಿಲ್ಲ. ಅದಿರಲಿ, ಅಂಟಿನ ಮಾತು ಆಮೇಲೆ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಡಬ್ಬಿ ತೆರೆಯಬೇಡಿ.

ಎಡತೋಳು ಎಂದಿರಲ್ಲ, ಅಲ್ಲಿಯೇ ನನಗೆ ಅನುಮಾನ. ಹೆಚ್ಚಿನ ಸೂಟ್‌ಗಳಲ್ಲಿ ಗಾಳಿ ಹೊರಬಿಡುವ ವಾಲ್ವ್ ಇರುವುದು ಎಡತೋಳಿನ ಮೇಲ್ಭಾಗದಲ್ಲಿ. ಅದರೊಳಗೆ ಅಣಬೆಯಾಕಾರದ ಒಂದು ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಗಾಳಿಯನ್ನು ಹೊರಗೆ ಬಿಟ್ಟು ನೀರನ್ನು ಒಳಗೆ ಬಿಡದಿರುವುದು ಅದರ ಕೆಲಸ. ಒಂದು ಮರಳಿನ ಕಣವೋ ಒಳಉಡುಪಿನ ನೂಲಿನ ಎಳೆಯೋ ಅದರ ಕೆಳಗೆ ಸಿಕ್ಕಿಕೊಂಡರೆ ಹನಿಹನಿಯಾಗಿ ನೀರು ಇಳಿಯುತ್ತದೆ. ತೋಳಿನುದ್ದಕ್ಕೂ ಹರಿದು ಮಣಿಕಟ್ಟಿನಲ್ಲಿ ನಿಲ್ಲುತ್ತದೆ, ನಾವು ಮಣಿಕಟ್ಟನ್ನು ಬೈಯುತ್ತೇವೆ. ಬಣ್ಣ ಕಾಣುವಂಥ ತೆಳು ಹತ್ತಿಯ ತುಂಬುತೋಳಿನ ಅಂಗಿ ತೊಟ್ಟು, ಮೇಲೆ ಸೂಟ್ ಹಾಕಿಕೊಂಡು ತೋಟದ ತೊಟ್ಟಿಯಲ್ಲಿ ಹತ್ತು ನಿಮಿಷ ಕೂರಿ. ಹೊರಬಂದ ಕೂಡಲೇ ನೋಡಿ: ಭುಜದ ಹತ್ತಿರ ಒದ್ದೆ ಶುರುವಾಗಿದ್ದರೆ ವಾಲ್ವ್, ಅಂಗಿಯ ತೋಳಿನ ತುದಿ ಮಾತ್ರ ಒದ್ದೆಯಾಗಿದ್ದರೆ ಮಣಿಕಟ್ಟಿನ ಸೀಲ್. ಮೈಯೆಲ್ಲ ಸಮನಾಗಿ ಒದ್ದೆಯಾಗಿದ್ದರೆ ಅದು ನಿಮ್ಮದೇ ಬೆವರು. ಉತ್ತರದ ತಣ್ಣನೆಯ ಸಮುದ್ರಕ್ಕೆಂದು ಹೊಲಿದ ಸೂಟ್ ಅದು, ನಮ್ಮ ಚಿತ್ರದುರ್ಗದ ಬಿಸಿಲಿಗಲ್ಲ. ದಡದಲ್ಲಿ ತೊಟ್ಟುಕೊಂಡು ಹರಟೆ ಹೊಡೆಯುತ್ತ ನಿಂತರೆ ತಲೆ ಸುತ್ತುತ್ತದೆ.

ಸೀಲೇ ಸೋರುತ್ತಿದೆ ಎಂದುಕೊಂಡರೂ ಅದರಲ್ಲಿ ತೂತು ಇರಬೇಕೆಂದೇನಿಲ್ಲ. ಮಣಿಕಟ್ಟನ್ನು ಒಳಕ್ಕೆ ಮಡಚಿ ಮುಷ್ಟಿ ಬಿಗಿದು ನೋಡಿ, ನರಗಳಂತೆ ಎರಡು ದಾರಗಳು ಉಬ್ಬಿ ನಡುವೆ ಕಾಲುವೆಯಾಗುತ್ತದೆ. ಹಗ್ಗ ಎಳೆಯುವಾಗಲೆಲ್ಲ ನೀರು ಆ ಕಾಲುವೆಯಲ್ಲಿ ನುಗ್ಗುತ್ತದೆ. ಸೀಲನ್ನು ತೋಳಿನ ಕಡೆಗೆ ಎರಡು ಬೆರಳು ಮೇಲಕ್ಕೆ ಏರಿಸಿಕೊಂಡರೆ ಎಷ್ಟೋ ಜನರ ಸೋರಿಕೆ ನಿಂತುಬಿಡುತ್ತದೆ, ಖರ್ಚಿಲ್ಲದೆ.

ಇನ್ನು ಗಾಳಿ ಪರೀಕ್ಷೆ. ಎರಡು ಮಣಿಕಟ್ಟಿಗೂ ಪ್ಲಾಸ್ಟಿಕ್ ಬಾಟಲಿ ತೂರಿಸಿ ಹಳೆಯ ಟ್ಯೂಬಿನ ಪಟ್ಟಿಯಿಂದ ಸುತ್ತಿ. ಕುತ್ತಿಗೆಗೆ ಫುಟ್‌ಬಾಲ್ ಕೂರಿಸಿ. ಸೀಲ್ ಹರಿದಿರುವುದರಿಂದ ಸದ್ಯಕ್ಕೆ ಬಟ್ಟೆಯ ಭಾಗವನ್ನೇ ಚೆಂಡಿಗೆ ಬಿಗಿಯಬೇಕಾಗುತ್ತದೆ. ಒಂದು ಬಾಟಲಿಯ ಬುಡ ಕತ್ತರಿಸಿ, ಅದರ ಮುಚ್ಚಳಕ್ಕೆ ತೂತು ಮಾಡಿ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದರೆ ಗಾಳಿ ತುಂಬುವ ಬಾಯಿ ಸಿದ್ಧ. ಕಾಲಿನಿಂದ ತುಳಿಯುವ ಪಂಪ್ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವೂ ಒಯ್ಯಬೇಡಿ, ಜಿಪ್ ಕಿತ್ತುಬರುತ್ತದೆ. ದಿಂಬಿನಷ್ಟು ಉಬ್ಬಿದರೆ ಸಾಕು. ಮೇಲೆ ಸೋಪಿನ ನೊರೆ ಒರೆಸುತ್ತ ಹೋಗಿ, ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ತೊಡೆಯ ಸಂದಿ, ಮೊಣಕಾಲು ಮತ್ತು ಹೊಲಿಗೆಗಳು ಕೂಡುವ ಜಾಗಗಳನ್ನು ಬಿಡಬೇಡಿ.

ಈ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಹೊರಬಿಡುವ ವಾಲ್ವ್ ಒಳಗಿನ ಗಾಳಿಯನ್ನು ಹೊರಗೆ ಬಿಡಲೆಂದೇ ಇರುವುದರಿಂದ ಅಲ್ಲಿ ಗುಳ್ಳೆ ಬಂದರೆ ತಪ್ಪಲ್ಲ. ನೀರು ಒಳಗೆ ಬರುವ ದೋಷ ಗಾಳಿಯಿಂದ ಗೊತ್ತಾಗುವುದೂ ಇಲ್ಲ. ಅದನ್ನು ಸೂಟಿನಿಂದ ಬಿಚ್ಚಿ ನೋಡಬೇಕು. ಒಳಗಿನ ಭಾಗವನ್ನು ಹಿಡಿದುಕೊಂಡು ಹೊರಗಿನದನ್ನು ಕೈಯಲ್ಲೇ ತಿರುಗಿಸಿದರೆ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ. ನಡುವಿನ ರಬ್ಬರ್ ಬಳೆ ಯಾವ ಕಡೆ ಇತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ತಿರುಗಿಸುತ್ತ ನಲ್ಲಿಯ ಕೆಳಗೆ ತೊಳೆಯಿರಿ. ಬಳಿಕ ಹೊರಮೈಯನ್ನು ಮೇಲೆ ಮಾಡಿ ನೀರು ಸುರಿದು ಕೆಳಗೆ ಒಣಗಿದ ಅಂಗೈ ಹಿಡಿಯಿರಿ. ಹನಿ ಬಿದ್ದರೆ ಹೊಸ ವಾಲ್ವ್ ತರಿಸುವುದೇ ಮೇಲು. ಎದೆಯ ಮೇಲಿನ ಗಾಳಿ ತುಂಬುವ ವಾಲ್ವಿನ ವಿಷಯದಲ್ಲಿ ನನ್ನ ಮಾತು ಇನ್ನೂ ಕಟುವಾಗಿದೆ: ಗುಂಡಿ ಒತ್ತಿದಾಗ ಅಂಟಿಕೊಳ್ಳುತ್ತಿದ್ದರೆ ತೊಳೆಯಿರಿ, ತೊಳೆದರೂ ಅಂಟಿದರೆ ಎಸೆಯಿರಿ. ನೀರೊಳಗೆ ಆ ಗುಂಡಿ ಒತ್ತಿದಂತೆಯೇ ಉಳಿದರೆ ಸೂಟ್ ಬಲೂನಾಗಿ ಮನುಷ್ಯನನ್ನು ಮೇಲಕ್ಕೆ ಎಸೆಯುತ್ತದೆ. ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ.

ಸೂಜಿಮೊನೆಯ ತೂತುಗಳಿಗೆ ಡೈವಿಂಗ್ ಅಂಗಡಿಗಳಲ್ಲಿ ಸಿಗುವ ಯುರೆಥೇನ್ ಅಂಟು ತರಿಸಿಕೊಳ್ಳಿ, ಆಕ್ವಾಸೀಲ್ ಎಂಬ ಹೆಸರಿನದು ಸಿಗುತ್ತದೆ. ಸೂಟನ್ನು ಒಳಹೊರಗು ಮಾಡಿ, ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ತೂತಿನ ಸುತ್ತ ಒಂದು ಸೆಂಟಿಮೀಟರ್ ಅಗಲಕ್ಕೆ ತೆಳ್ಳಗೆ ಸವರಿ ಒಂದು ರಾತ್ರಿ ಬಿಡಿ. ಸೀಮೆಎಣ್ಣೆ, ಟರ್ಪಂಟೈನ್ ಮುಟ್ಟಿಸಬೇಡಿ, ಎಣ್ಣೆಯ ಪದರ ಉಳಿಯುತ್ತದೆ. ಬೆಣ್ಣೆ ದೋಸೆ ತಿಂದ ಕೈಯಲ್ಲೂ ಬೇಡ. ನಗಬೇಡಿ, ನನ್ನ ಮೊದಲ ಪ್ಯಾಚು ಎದ್ದು ಬಂದಿದ್ದು ಇಂಥದೇ ಜಿಡ್ಡಿನಿಂದ. ಜಿಪ್ಪಿಗೆಂದು ಸಿಲಿಕೋನ್ ಸ್ಪ್ರೇ ಹೊಡೆದಿದ್ದೆ, ಪಕ್ಕದ ಬಟ್ಟೆಗೂ ಸಿಡಿದಿತ್ತು. ಮೂರು ಸಲ ಅಂಟಿಸಿದರೂ ಸಿಪ್ಪೆಯಂತೆ ಸುಲಿದುಬಂತು.

ಈಗ ಕುತ್ತಿಗೆ. ಅಂಟಂಟಾದ ಲೇಟೆಕ್ಸ್ ಸತ್ತ ಲೇಟೆಕ್ಸ್, ಅದಕ್ಕೆ ಔಷಧಿಯಿಲ್ಲ. ಬಿಸಿಲು ಮತ್ತು ಎಣ್ಣೆ ಅದಕ್ಕೆ ಶತ್ರುಗಳು. ಹಳೆಯ ಸೀಲಿನ ಅಂಟನ್ನು ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡುತ್ತ ಮೆಲ್ಲಗೆ ಸುಲಿಯಿರಿ. ಬಿಸಿ ಮಾಡದೆ ಜಗ್ಗಿದರೆ ಬಟ್ಟೆಯ ಒಳಪದರವೂ ಜೊತೆಗೆ ಬರುತ್ತದೆ. ಕುತ್ತಿಗೆಯ ಬಾಯಿಗೆ ಸರಿಹೊಂದುವ ಬಿಂದಿಗೆಯನ್ನೋ ಬಕೆಟ್ಟನ್ನೋ ಸೂಟಿನೊಳಗೆ ತೂರಿಸಿ, ಬಟ್ಟೆ ಸುಕ್ಕಿಲ್ಲದೆ ಆದರೆ ಜಗ್ಗದೆ ನಿಲ್ಲುವಂತೆ ಮಾಡಿ. ಈ ಅಚ್ಚು ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿದಂತೆ. ಹೊಸ ಸೀಲಿನ ಅಂಚನ್ನು ಎರಡು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಅಗಲಕ್ಕೆ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ ಹೊಳಪು ತೆಗೆಯಿರಿ. ಸೂಟಿಗೂ ಸೀಲಿಗೂ ನಾಲ್ಕು ಕಡೆ ಎದುರುಬದುರು ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಸುತ್ತಿ ಬರುವಷ್ಟರಲ್ಲಿ ರಬ್ಬರ್ ಒಂದು ಕಡೆ ಮಿಕ್ಕು ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಮುಂದಿನ ಸೋರಿಕೆ.

ಇಲ್ಲಿಗೆ ನಿಯೋಪ್ರೀನ್ ಜಾತಿಯ ಅಂಟು ಬೇಕು, ಗಟ್ಟಿಕಾರಕ ಬೆರೆಸುವ ಎರಡು ಭಾಗದ್ದಾದರೆ ಇನ್ನೂ ಒಳ್ಳೆಯದು. ಎರಡೂ ಮೈಗೆ ತೆಳ್ಳಗೆ ಒಂದು ಕೈ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ. ಎರಡನೆಯದು ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಜೋಡಿಸಿ. ಒಮ್ಮೆ ತಾಗಿದರೆ ಹಿಡಿದೇಬಿಡುತ್ತದೆ, ಸರಿಪಡಿಸಲು ಅವಕಾಶವಿಲ್ಲ. ಗುರುತಿನಿಂದ ಗುರುತಿಗೆ ಕೂರಿಸಿ, ಲಟ್ಟಣಿಗೆಯಿಂದ ಒತ್ತಿ ಉರುಳಿಸಿ. ಎರಡು ದಿನ ಮುಟ್ಟಬೇಡಿ. ನಮ್ಮ ಒಣಹವೆ ಈ ಕೆಲಸಕ್ಕೆ ಒಳ್ಳೆಯದೇ, ಆದರೆ ಗಾಳಿಗೆ ಏಳುವ ಧೂಳು ಕೆಟ್ಟದ್ದು. ಮಳೆಗಾಲದ ಹಸಿ ದಿನ ಅಂಟಿನ ಮೇಲೆ ಮಂಜಿನಂತೆ ತೇವ ಕೂರುತ್ತದೆ, ಅಂದು ಬಿಟ್ಟುಬಿಡಿ. ಕಿಟಕಿ ತೆರೆದಿರಲಿ, ಸುತ್ತಮುತ್ತ ಬೆಂಕಿ ಇರಬಾರದು. ಇಲ್ಲೊಬ್ಬರು ಮಂಡಕ್ಕಿ ಭಟ್ಟಿಯ ಪಕ್ಕದ ಶೆಡ್ಡಿನಲ್ಲಿ ಇಂಥ ಅಂಟಿನ ಡಬ್ಬಿ ತೆರೆದು ಕೂತಿದ್ದನ್ನು ಕಂಡು ನನಗೆ ಜೀವ ಬಾಯಿಗೆ ಬಂದಿತ್ತು.

ಹೊಸ ಸೀಲ್ ಬಿಗಿಯಾಗಿಯೇ ಇರುತ್ತದೆ. ಮೇಲಿನ ಗೆರೆಗಳನ್ನು ಹಿಡಿದು ಒಂದೊಂದೇ ಉಂಗುರದಂತೆ, ಚೂಪಾದ ಕತ್ತರಿಯಿಂದ, ಹಲ್ಲು ಬೀಳದಂತೆ ಕತ್ತರಿಸಿ. ಪ್ರತಿ ಸಲವೂ ತೊಟ್ಟು ನೋಡಿ. ಒಂದು ಗೆರೆ ಹೆಚ್ಚು ಕತ್ತರಿಸಿದರೆ ಸೀಲ್ ಹೋಯಿತು. ಹಾಗೆಂದು ಬಿಗಿಯಾಗಿಯೇ ಬಿಡಲೂಬಾರದು: ಕತ್ತಿನ ಪಕ್ಕದ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ನಾಡಿ ಇಳಿದು ಕಣ್ಣು ಕತ್ತಲೆ ಬರುತ್ತದೆ, ನೀರಿನಲ್ಲಿ ಅದು ಆಗಬಾರದು. ತೊಡುವಾಗ ವಾಸನೆಯಿಲ್ಲದ ಶುದ್ಧ ಟಾಲ್ಕ್ ಪುಡಿ ಹಚ್ಚಿ. ಕೇರಂ ಪುಡಿ ಬೇಡ, ಅದು ಹೆಚ್ಚಾಗಿ ಬೋರಿಕ್ ಪುಡಿ. ಮುಖ್ಯವಾಗಿ, ಅಂದು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹಳೆಯ ಸೀಲ್ ಸ್ಕಾಟ್ಲೆಂಡಿನಲ್ಲಿ ಸತ್ತಿತೋ ಊರಿಗೆ ಬಂದ ಮೇಲೆ ಸತ್ತಿತೋ, ಅಳಿಯನನ್ನೇ ಕೇಳಿ.

ಜಿಪ್ ಬದಲಿಸುವ ಯೋಚನೆ ಸದ್ಯಕ್ಕೆ ಬಿಡಿ. ಅಷ್ಟುದ್ದದ ಅಂಟು, ಹೊಲಿಗೆ, ಮೇಲೆ ಪಟ್ಟಿ. ಒಂದು ಸುಕ್ಕು ಬಿದ್ದರೂ ಎಲ್ಲ ವ್ಯರ್ಥ. ನಾನೇ ಮೊದಲೆರಡನ್ನು ಹಾಳುಮಾಡಿ ಕಲಿತವನು. ನಿಮ್ಮದು ಹಿತ್ತಾಳೆ ಹಲ್ಲಿನದಾದ್ದರಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರು ಹಾಕಿ ತೊಳೆದು, ಒಣಗಿಸಿ, ಹೊರಗಿನ ಹಲ್ಲಿಗೆ ಜೇನುಮೇಣವನ್ನೋ ಬಣ್ಣವಿಲ್ಲದ ಮೇಣದಬತ್ತಿಯನ್ನೋ ಉಜ್ಜಿ. ಮಡಚಬೇಡಿ. ಹಲ್ಲೊಂದು ಪಕ್ಕಕ್ಕೆ ಸರಿದಿದ್ದರೆ ಮಾತ್ರ ಜಿಪ್ ಕಾಲ ಮುಗಿದಂತೆ, ಆಗ ಈ ಕೆಲಸ ಬಲ್ಲವರಿಗೆ ಕಳುಹಿಸಿ.

ಇದನ್ನು ತೊಟ್ಟು ಬಾವಿಗಿಳಿದು ಪಂಪಿನ ಫುಟ್‌ವಾಲ್ವ್ ತೆಗೆಯುತ್ತೇನೆ ಎಂದಿದ್ದೀರಿ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಗಾಳಿ ಕಾಲಿನ ಕಡೆಗೆ ಸರಿದರೆ ಸೂಟ್ ನಿಮ್ಮನ್ನು ತಲೆಕೆಳಗು ನಿಲ್ಲಿಸುತ್ತದೆ, ಅದರಿಂದ ಬಿಡಿಸಿಕೊಳ್ಳುವುದನ್ನು ಕಲಿಸಿಯೇ ಅಲ್ಲಿನವರು ನೀರಿಗೆ ಬಿಡುವುದು. ಹಳೆಯ ಬಾವಿಯಲ್ಲಿ ಉಸಿರಿಗೆ ಗಾಳಿಯೇ ಇಲ್ಲದಿರಬಹುದು. ಕೃಷಿಹೊಂಡದ ಬಲೆ ಸರಿಪಡಿಸಲು ಎದೆಮಟ್ಟದ ನೀರಿನಲ್ಲಿ ನಿಲ್ಲುವುದಾದರೆ ಸರಿ, ಆದರೆ ಪ್ಲಾಸ್ಟಿಕ್ ಹಾಸಿನ ಹೊಂಡದ ಇಳಿಜಾರು ಕಾಲಿಗೆ ನಿಲ್ಲುವುದಿಲ್ಲ. ದಡದ ಮರಕ್ಕೆ ಕಟ್ಟಿದ ಗಂಟುಹಗ್ಗ ನೀರಿನವರೆಗೂ ಇಳಿಬಿದ್ದಿರಲಿ, ಮೇಲೆ ಒಬ್ಬರು ನಿಂತಿರಲಿ.

ತೊಟ್ಟಿಯ ಪರೀಕ್ಷೆ ಮುಗಿಸಿ ಅಂಗಿ ಎಲ್ಲಿ ಒದ್ದೆಯಾಗಿತ್ತು ಎಂದು ಇಲ್ಲಿಯೇ ಬರೆಯಿರಿ. ಕುತ್ತಿಗೆಯ ಸುತ್ತಳತೆಯನ್ನೂ ಸೂಟಿನ ಬಾಯಿಯ ಸುತ್ತಳತೆಯನ್ನೂ ದರ್ಜಿಯ ಟೇಪಿನಲ್ಲಿ ಅಳೆದು ಹಾಕಿದರೆ ಯಾವ ಗಾತ್ರದ ಸೀಲ್ ತರಿಸಬೇಕು ಎಂದು ಹೇಳುತ್ತೇನೆ.